ಮುಖ ಕೊಟ್ಟವರು, ಕಣ್ಣು ತೆರೆಸಿದವರು

ಕಾಮಿಕ್ಸ್ ಪಾತ್ರವೊಂದು ಹೆಸರು ಮಾಡಿದರೆ ಅದರ ಹಿಂದಿರುವ ನಿಜವಾದ ವ್ಯಕ್ತಿ ಯಾರೆಂದು ತಿಳಿಯುವ ಕುತೂಹಲ ಓದುಗರಿಗೆ ಸಹಜ. ಆದರೆ ಹುಡುಕಾಟ ಬಹುಮಟ್ಟಿಗೆ ಮುಖದ ಹೋಲಿಕೆಗೇ ನಿಂತುಬಿಡುತ್ತದೆ. 1940ರಲ್ಲಿ ಬ್ಯಾಟ್‌ಮನ್‌ನ ಎದುರಾಳಿಯಾಗಿ ಬಂದ ಜೋಕರ್‌ನ ನಗುವಿಗೆ ಮಾದರಿ, 1928ರ ‘ದಿ ಮ್ಯಾನ್ ಹೂ ಲಾಫ್ಸ್’ ಚಿತ್ರದ ನಟ ಕಾನ್ರಾಡ್ ವೈಟ್. ಟಿನ್‌ಟಿನ್ ಕಥೆಗಳ ಪ್ರೊಫೆಸರ್ ಕ್ಯಾಲ್ಕುಲಸ್‌ಗೆ ಮಾದರಿ, ಬಲೂನಿನಲ್ಲಿ ಹದಿನೈದು ಕಿಲೋಮೀಟರಿಗೂ ಮೇಲೇರಿದ ಸ್ವಿಸ್ ವಿಜ್ಞಾನಿ ಆಗಸ್ಟ್ ಪಿಕಾರ್. ಅವರದು ತೀರ ಎತ್ತರದ ನಿಲುವು; ಚೌಕಟ್ಟಿನೊಳಗೆ ಹಿಡಿಸಲೆಂದು ಚಿತ್ರಕಾರ ಹರ್ಜೆ ಕುಳ್ಳಗೆ ಬರೆದರು. ಇದೆಲ್ಲ ಸ್ವಾರಸ್ಯವೇ. ಆದರೂ, ಚಹರೆ ಕೊಟ್ಟವರಿಗಿಂತ ಕಲಾವಿದನ ನೋಟವನ್ನೇ ತಿದ್ದಿದವರು ದೊಡ್ಡ ಪ್ರೇರಣೆ ಎಂಬುದು ನನ್ನ ನಂಬಿಕೆ.

ಇದಕ್ಕೆ ಸಾಕ್ಷಿ ಹರ್ಜೆಯವರ ಕೆಲಸದಲ್ಲೇ ಇದೆ. ಆಫ್ರಿಕಾವನ್ನು ಕಾಣದೆ, ಬ್ರಸೆಲ್ಸ್‌ನಲ್ಲಿ ಕೂತು 1930ರಲ್ಲಿ ಅವರು ಶುರುಮಾಡಿದ ಕಾಂಗೋ ಕಥೆಯಲ್ಲಿ ಅಲ್ಲಿನ ಜನ ಬುದ್ಧಿ ಬಲಿಯದ ಮಕ್ಕಳಂತೆ ಕಾಣುತ್ತಾರೆ. ವಸಾಹತುಶಾಹಿ ಹಬ್ಬಿಸಿದ್ದ ಮಾತನ್ನೇ ಅವರು ಚಿತ್ರವಾಗಿಸಿದ್ದರು. ಮುಂದೆ ಟಿನ್‌ಟಿನ್‌ನನ್ನು ಚೀನಾಕ್ಕೆ ಕಳಿಸಹೊರಟಾಗ, ಲೂವೆನ್‌ನ ಚೀನೀ ವಿದ್ಯಾರ್ಥಿಗಳ ಯೋಗಕ್ಷೇಮ ನೋಡುತ್ತಿದ್ದ ಪಾದ್ರಿಯೊಬ್ಬರು, ತಿಳಿದುಕೊಂಡು ಬರೆಯಿರಿ ಎಂದು ಪತ್ರ ಬರೆದರು. ಹಾಗೆ 1934ರಲ್ಲಿ ಪರಿಚಯವಾದವರು ಬ್ರಸೆಲ್ಸ್‌ನಲ್ಲಿ ಕಲೆ ಕಲಿಯುತ್ತಿದ್ದ ಝಾಂಗ್ ಚೊಂಗ್‌ರೆನ್. ಇಬ್ಬರೂ 1907ರಲ್ಲಿ ಹುಟ್ಟಿದವರು.

ಝಾಂಗ್ ಅವರಿಂದ ಹರ್ಜೆ ಕುಂಚದ ಬಳಕೆ ಕಲಿತರು, ಚೀನಾದ ಚರಿತ್ರೆ ತಿಳಿದರು, ಮಂಚೂರಿಯಾವನ್ನು ಜಪಾನ್ ನುಂಗಿದ ಬಗೆ ಕೇಳಿದರು. ‘ದಿ ಬ್ಲೂ ಲೋಟಸ್’ ಹುಟ್ಟಿದ್ದು ಹೀಗೆ. ಅದರ ಬೀದಿಗೋಡೆಗಳ ಮೇಲಿನ ಚೀನೀ ಬರಹ ಝಾಂಗ್ ಅವರದೇ. ಕೆಲವು ಸಾಮ್ರಾಜ್ಯಶಾಹಿಗೆ ವಿರುದ್ಧದ ಘೋಷಣೆಗಳು. ಕಥೆಯಲ್ಲಿ ಅವರೇ ಚಾಂಗ್ ಎಂಬ ಹುಡುಗ. ಹೊಳೆಯಿಂದ ತನ್ನನ್ನು ಕಾಪಾಡಿದ ಟಿನ್‌ಟಿನ್‌ನೊಂದಿಗೆ, ಚೀನೀಯರೂ ಯೂರೋಪಿನವರೂ ಪರಸ್ಪರ ಕಟ್ಟಿಕೊಂಡ ತಪ್ಪುಕಲ್ಪನೆಗಳನ್ನು ನೆನೆದು ಅವನು ನಗುತ್ತಾನೆ.

ಕಲ್ಪನೆಗೆ ಇಂಥ ಕಾವಲು ಏಕೆ, ಕಲಾವಿದ ಸ್ವತಂತ್ರನಲ್ಲವೇ ಎಂದು ಕೇಳಬಹುದು. ಆದರೆ ಪೂರ್ವಗ್ರಹ ಸ್ವಂತ ಕಲ್ಪನೆಯಲ್ಲ, ಊರವರ ಬಾಯಿಂದ ಬಂದ ಸರಕು. ಅದನ್ನು ಕಳಚಿದಾಗಲೇ ಕಲ್ಪನೆಗೆ ಬಿಡುಗಡೆ. ಅದೇ ಪುಸ್ತಕದ ಜಪಾನೀ ಖಳನನ್ನು ನೋಡಿ: ಉಬ್ಬುಹಲ್ಲಿನ ಹಳೆಯ ವಿಕಾರಚಿತ್ರ. ಚೀನೀಯರ ವಿಷಯದಲ್ಲಿ ತಿದ್ದಲು ಝಾಂಗ್ ಇದ್ದರು. ಜಪಾನೀಯರ ಪರವಾಗಿ ಆಕ್ಷೇಪಿಸುವ ಗೆಳೆಯರು ಆ ಮೇಜಿನ ಬಳಿ ಇರಲಿಲ್ಲ.

ಈ ಋಣ ಹರ್ಜೆ ಮರೆಯಲಿಲ್ಲ. ಝಾಂಗ್ ಸ್ವದೇಶಕ್ಕೆ ಮರಳಿದ ಮೇಲೆ ಸಂಪರ್ಕ ಕಡಿದುಹೋಯಿತು. ‘ಟಿನ್‌ಟಿನ್ ಇನ್ ಟಿಬೆಟ್’ ಕಥೆಯಲ್ಲಿ ಟಿನ್‌ಟಿನ್ ಹಿಮಾಲಯದಲ್ಲಿ ಹುಡುಕುವುದು ಚಾಂಗ್‌ನನ್ನೇ. ಗೆಳೆಯರಿಬ್ಬರೂ ಮತ್ತೆ ಕಂಡದ್ದು 1981ರಲ್ಲಿ, ಬ್ರಸೆಲ್ಸ್‌ನಲ್ಲಿ.

ನಮ್ಮದಲ್ಲದ ಜನರ ಕಥೆ ಬರೆಯಹೊರಟವರು ಮೊದಲು ಆ ಜನರಲ್ಲೊಬ್ಬರ ಸ್ನೇಹ ಸಂಪಾದಿಸಲಿ, ‘ಇದು ಸುಳ್ಳು’ ಎನ್ನುವ ಹಕ್ಕನ್ನು ಅವರಿಗೆ ಕೊಡಲಿ. ಪಾತ್ರಕ್ಕೆ ಜೀವ ಬರುವುದು ಆಗಲೇ.