ತುಕ್ಕು ತೆಗೆಯುವ ಬಕೆಟ್‌ಗೆ ಉಪ್ಪು ಹಾಕುವವರಿಗೆ

ನಾಟಿ ಹತ್ರ ಬಂತು. ಹಾರೆ, ಪಿಕ್ಕಾಸು, ಟಿಲ್ಲರ್ ಬ್ಲೇಡ್ ಎಲ್ಲ ಹೊರಗೆ ತೆಗೆಯುವ ಹೊತ್ತು. ಮೊಬೈಲಲ್ಲಿ ಕಾಂಬ ವಿಡಿಯೋಗಳಲ್ಲಿ ತುಕ್ಕಿಗೆ ಸುಲಭದ ಮದ್ದು ಹೇಳ್ತಾರೆ: ಒಂದು ಬಕೆಟ್ ನೀರು, ಒಂದು ಮುಷ್ಟಿ ಉಪ್ಪು, ಹಳೆ ಸ್ಟೀಲ್ ಚಮಚ, ಬ್ಯಾಟರಿ ಚಾರ್ಜರ್. ಬಕೆಟ್ ಸರಿ, ಚಾರ್ಜರೂ ಸರಿ. ಉಪ್ಪು ಮತ್ತೆ ಸ್ಟೀಲ್ ಎರಡೂ ಶುದ್ಧ ತಪ್ಪು ಮಾರ್ರೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕರಾವಳಿಯಲ್ಲಿ ಕಬ್ಬಿಣ ಇಷ್ಟು ಬೇಗ ಹಾಳಾಗುದೇ ಉಪ್ಪಿಂದ. ಪಂಚಗಂಗಾವಳಿ ಬದಿಯವರಿಗಂತೂ ಗಾಳಿಯೂ ಉಪ್ಪು, ಬೇಸಿಗೆಯ ಹೊಳೆ ನೀರೂ ಉಪ್ಪು. ಅದರಲ್ಲಿರುವ ಕ್ಲೋರೈಡ್ ತುಕ್ಕಿನ ಅಡಿಗೆ, ಕಬ್ಬಿಣದ ಸಣ್ಣ ಗುಂಡಿಗಳಲ್ಲಿ ಕೂತಿರ್ತದೆ. ಎಮರಿ ಪೇಪರಲ್ಲಿ ಉಜ್ಜಿ ಫಳಫಳ ಮಾಡಿರೂ ಅದೇ ಜಾಗ ಮತ್ತೆ ಕೆಂಪಾಗುದು ಅದಕ್ಕೇ. ಸೋಡಾ ನೀರಲ್ಲಿ ಕರೆಂಟ್ ಕೊಟ್ಟರೆ ತುಕ್ಕು ಸಡಿಲ ಆಗುದಲ್ಲದೆ ಆ ಕ್ಲೋರೈಡೂ ಹೊರಗೆ ಬರ್ತದೆ. 1862ರಲ್ಲಿ ಅಮೆರಿಕದ ಕಡಲಲ್ಲಿ ಮುಳುಗಿದ ಮಾನಿಟರ್ ಯುದ್ಧನೌಕೆಯ ಫಿರಂಗಿ ಗೋಪುರವನ್ನು 2002ರಲ್ಲಿ ಮೇಲೆತ್ತಿ, ಇದೇ ವಿಧಾನದಲ್ಲಿ ವರ್ಷಗಟ್ಟಲೆ ಉಪ್ಪು ಬಿಡಿಸಿದರು. ಅವರು ತೆಗೀಲಿಕ್ಕೆ ಒದ್ದಾಡಿದ್ದನ್ನು ನಾವು ಮುಷ್ಟಿ ಹಿಡ್ದು ಹಾಕುದಾ? ಸಾಲದ್ದಕ್ಕೆ ಉಪ್ಪು ನೀರಿಗೆ ಕರೆಂಟ್ ಕೊಟ್ಟರೆ ಕ್ಲೋರಿನ್ ಏಳ್ತದೆ. ಕಕ್ಕಸು ತೊಳೆಯುವ ಆಸಿಡ್ ಹೊಯ್ಯುವವರದ್ದೂ ಇದೇ ಕತೆ. ಅದು ಹೈಡ್ರೋಕ್ಲೋರಿಕ್, ಅದರಲ್ಲೂ ಕ್ಲೋರೈಡೇ. ಒಳ್ಳೆ ಕಬ್ಬಿಣವನ್ನೂ ತಿಂತದೆ.

ಇನ್ನು ಸ್ಟೀಲ್. "ಸ್ಟೀಲ್ ಆದ್ರೆ ಕರಗುದಿಲ್ಲ, ಗಲೀಜಿಲ್ಲ" ಅಂಬ್ರ್. ಕರಗ್ತದೆ. ಅದರಲ್ಲಿರುವ ಕ್ರೋಮಿಯಂ ನೀರಿಗೆ ಇಳಿದು ಕ್ಯಾನ್ಸರ್ ತರುವ ರೂಪಕ್ಕೆ ತಿರುಗ್ತದೆ, ನೀರು ಹಳದಿ ಆಗ್ತದೆ. ಅದನ್ನು ಎಲ್ಲಿ ಚೆಲ್ತೀರಿ? ನಮ್ಮದು ಮುರಕಲ್ಲಿನ ನೆಲ, ಅಂಗಳದಲ್ಲೇ ಬಾವಿ. ಚೆಲ್ಲಿದ್ದು ಎಲ್ಲಿಗೆ ಹೋಗ್ತದೆ ಅಂತ ನೀವೇ ಲೆಕ್ಕ ಹಾಕಿ. ಹತ್ತಿಪ್ಪತ್ತು ರೂಪಾಯಿಯ ಕಂಬಿ ತುಂಡು ಉಳಿಸ್ಲಿಕ್ಕೆ ಇದೆಲ್ಲ ಎಂತಕ್ಕೆ?

ಪ್ಲಾಸ್ಟಿಕ್ ಬಕೆಟ್, 5 ಲೀಟರ್ ಸಿಹಿ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಸಾಕು. ಚಾರ್ಜರ್ 12 ವೋಲ್ಟಿನ ಹಳೆ ನಮೂನೆಯದ್ದು ಇರಲಿ, ಹೊಸ ಆಟೋಮ್ಯಾಟಿಕ್ ಕೆಲವು ಬ್ಯಾಟರಿ ಇಲ್ಲದಿದ್ರೆ ಕರೆಂಟೇ ಬಿಡುದಿಲ್ಲ. ಕಪ್ಪು ಕ್ಲಿಪ್ ಹತ್ಯಾರಿಗೆ, ಕೆಂಪು ಕ್ಲಿಪ್ ಮನೆ ಕಟ್ಟಿ ಉಳಿದ ಸಾದಾ ಕಬ್ಬಿಣದ ಕಂಬಿಗೆ. ಅದಲು ಬದಲಾದ್ರೆ ಹತ್ಯಾರೇ ಕರಗುದು. ಎರಡೂ ತಾಗಬಾರದು. ಕಂಬಿಗೆ ಎದುರಿರುವ ಬದಿ ಮಾತ್ರ ಚೆಂದ ಆಗ್ತದೆ, ಹಾಗಾಗಿ ನಡುವೆ ತಿರುಗಿಸಿ ಇಡಿ. ಕೈ ಹಾಕುವ ಮೊದ್ಲು ಸ್ವಿಚ್ ಆಫ್. ಏಳುವ ಗುಳ್ಳೆ ಹೈಡ್ರೋಜನ್, ಬೆಂಕಿ ಹಿಡೀತದೆ. ಕೋಣೆಯೊಳಗೆ ಬ್ಯಾಡ, ಅಂಗಳದಲ್ಲೇ ಇಡಿ, ಬೀಡಿ ದೂರ. ತುಕ್ಕು ತಿಂದು ಹೋದ ಕಬ್ಬಿಣ ಮಾತ್ರ ವಾಪಸ್ ಬಾರ.

ರಾತ್ರಿ ಇಟ್ಟದ್ದನ್ನು ಬೆಳಿಗ್ಗೆ ತೆಗೆದ್ರೆ ಮೇಲೆ ಕಪ್ಪು ಮಸಿ ಇರ್ತದೆ, ತೆಂಗಿನ ನಾರಲ್ಲಿ ತಿಕ್ಕಿರೆ ಹೋತ್. ತೊಳೆದ ಕೂಡ್ಲೇ ಒಲೆ ಬದಿ ಒಣಗಿಸಿ ಎಣ್ಣೆ ಸವರಿ, ಈ ಥಂಡಿಗೆ ಅರ್ಧ ಗಂಟೆ ಬಿಟ್ಟರೂ ಕೆಂಪು ಹತ್ತುಕೆ ಶುರು. ಅಲ್ಯೂಮಿನಿಯಂ ಭಾಗ, ಸತುವಿನ ಲೇಪದ ತಗಡು ಈ ಬಕೆಟ್‌ಗೆ ಹಾಕ್ಬೇಡಿ. ಮರದ ಹಿಡಿ ಮೊದಲೇ ಕಳಚಿಡಿ.