ಈ ಕಾಂಕ್ರೀಟು ಕಲಸಿದವರು ಯಾರು?

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿ ಆಲ್ಡರ್ನಿ ಎಂಬ ಪುಟ್ಟ ದ್ವೀಪವಿದೆ. 1940ರ ಜೂನ್‌ನಲ್ಲಿ ಅದರ ಬಹುತೇಕ ನಿವಾಸಿಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟುಹೋದರು. ಬೆನ್ನಿಗೇ ಜರ್ಮನ್ ಸೇನೆ ಬಂದಿಳಿಯಿತು. ಹಿಟ್ಲರನ ಆಜ್ಞೆಯಂತೆ ದ್ವೀಪ ಕೋಟೆಯಾಯಿತು. ನೈಋತ್ಯದ ದಿಣ್ಣೆಯ ಮೇಲೆ ‘ಆನ್ನೆಸ್’ ಎಂಬ ಫಿರಂಗಿ ನೆಲೆ ಎದ್ದಿತು. 15 ಸೆಂ.ಮೀ. ವ್ಯಾಸದ ನಾಲ್ಕು ಫಿರಂಗಿಗಳು, ಅವುಗಳ ಸುತ್ತ ಬಂಕರುಗಳು. ಇಂದು ಉಳಿದಿರುವುದು ಕಾಂಕ್ರೀಟು ಮಾತ್ರ. ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ.

ಬರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಗೋಡೆಯ ದಪ್ಪ ಅಳೆದು ‘ಆಹಾ, ಜರ್ಮನ್ ಇಂಜಿನಿಯರಿಂಗ್’ ಎಂದು ತಲೆದೂಗುವ ಮಹನೀಯರು ಈ ಕಾಂಕ್ರೀಟನ್ನು ಕಲಸಿದ ಕೈಗಳು ಯಾರವು ಎಂದು ಕೇಳಬೇಡವೇ? ದ್ವೀಪವನ್ನು ಕೋಟೆಯಾಗಿಸಲು ಉಕ್ರೇನ್, ರಷ್ಯಾ, ಪೋಲೆಂಡ್‌ಗಳಿಂದ ಜನರನ್ನು ಹಿಡಿದು ತಂದರು. ಸ್ಪೇನಿನ ಗಣರಾಜ್ಯವಾದಿಗಳನ್ನೂ ಫ್ರಾನ್ಸಿನ ಯಹೂದಿಗಳನ್ನೂ ತಂದರು. ಅವರನ್ನು ಕೂಡಿಹಾಕಿದ ಶಿಬಿರಗಳಲ್ಲಿ ಸಿಲ್ಟ್ ಎಂಬುದು 1943ರ ಮಾರ್ಚ್‌ನಿಂದ ಎಸ್‌ಎಸ್ ಪಡೆಯ ಕೈಯಲ್ಲಿತ್ತು. ಅರೆಹೊಟ್ಟೆ, ಹೊಡೆತ, ರೋಗ. ಸತ್ತವರನ್ನು ಹೂಳಲು ಒಂದಿಷ್ಟು ಮಣ್ಣು.

ಸತ್ತವರೆಷ್ಟು? ದಶಕಗಳ ಕಾಲ ಅಧಿಕೃತ ಉತ್ತರ 389. ಇನ್ನೊಂದೆಡೆ ಹತ್ತಾರು ಸಾವಿರ ಎಂದು ಕೂಗುವವರೂ ಇದ್ದರು. ಉತ್ಪ್ರೇಕ್ಷೆಯೂ ಸತ್ತವರಿಗೆ ಮಾಡುವ ಅನ್ಯಾಯವೇ. ಅದು ನಿರಾಕರಿಸುವವರ ಕೈಗೆ ಕೋಲು ಕೊಡುತ್ತದೆ. ಕೊನೆಗೆ 2024ರ ಮೇನಲ್ಲಿ ಲಾರ್ಡ್ ಎರಿಕ್ ಪಿಕಲ್ಸ್ ನೇಮಿಸಿದ ತಜ್ಞರ ತಂಡ ದಾಖಲೆಗಳನ್ನು ತಡಕಿ, ಸತ್ತವರು 641ರಿಂದ 1,027 ಇರಬಹುದು ಎಂದಿತು. ಈ ಲೆಕ್ಕಕ್ಕೆ ಸುಮಾರು 80 ವರ್ಷ ಬೇಕಾಯಿತು!

ಲೆಕ್ಕ ತಡವಾದರೂ ಬಂತು, ನ್ಯಾಯ ಬರಲೇ ಇಲ್ಲ. ಬ್ರಿಟಿಷ್ ಅಧಿಕಾರಿಗಳು 1945ರಲ್ಲೇ ತನಿಖೆ ಮಾಡಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡಿದ್ದರು. ಸತ್ತವರಲ್ಲಿ ಹೆಚ್ಚಿನವರು ಸೋವಿಯತ್ ಪ್ರಜೆಗಳು ಎಂಬ ಕಾರಣಕ್ಕೆ ಕಡತವನ್ನು ಮಾಸ್ಕೋಗೆ ದಾಟಿಸಿ ಕೈತೊಳೆದುಕೊಂಡರು. ಮಾಸ್ಕೋ ಏನೂ ಮಾಡಲಿಲ್ಲ. ದ್ವೀಪದ ಸೇನಾಧಿಪತಿಯಾಗಿದ್ದ ಕಾರ್ಲ್ ಹಾಫ್‌ಮನ್‌ನನ್ನು ಕೀವ್‌ನಲ್ಲಿ ಗಲ್ಲಿಗೇರಿಸಲಾಯಿತು ಎಂದು ಜನರನ್ನು ನಂಬಿಸಲಾಗಿತ್ತು. ನಿಜವೇನು? ಬ್ರಿಟಿಷರ ಸೆರೆಯಿಂದ 1948ರಲ್ಲಿ ಬಿಡುಗಡೆಯಾಗಿ, 1974ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಸತ್ತ. ತಮ್ಮದೇ ನೆಲದಲ್ಲಿ ನಡೆದ ಕೊಲೆಗಳಿಗೆ ಒಂದು ಮೊಕದ್ದಮೆಯನ್ನೂ ಹೂಡದವರು ನ್ಯೂರೆಂಬರ್ಗಿನ ನ್ಯಾಯಪೀಠದಲ್ಲಿ ಕುಳಿತಿದ್ದರು.

‘ಹಳೆಯ ಗಾಯವನ್ನೇಕೆ ಕೆರೆಯುತ್ತೀರಿ’ ಎನ್ನುವವರಿದ್ದಾರೆ. ಗಾಯ ಯಾರದು ಸ್ವಾಮಿ? ನಾರ್ಡರ್ನೈ ಶಿಬಿರವಿದ್ದ ಜಾಗದಲ್ಲಿ ಪ್ರವಾಸಿಗರು ಡೇರೆ ಹೊಡೆದು ರಜೆ ಕಳೆಯುವಂತಾಯಿತು. ಸಿಲ್ಟ್ ಶಿಬಿರದ ದ್ವಾರದ ಕಂಬಗಳಿಗೆ ನೆನಪಿನ ಫಲಕ ಬಿದ್ದದ್ದು 2008ರಲ್ಲಿ.

ಫಿರಂಗಿ ನೆಲೆಗಳನ್ನು ಕೆಡವಬೇಕಾಗಿಲ್ಲ. ಅವೇ ಉಳಿದಿರುವ ಸಾಕ್ಷಿ. ಆದರೆ ಅಲ್ಲಿ ಫಲಕ ಹಾಕುವವರು ಮೊದಲ ಸಾಲಿನಲ್ಲಿ ಶಿಬಿರದ ಹೆಸರು, ಸತ್ತವರ ಲೆಕ್ಕ ಬರೆಯಲಿ. ಫಿರಂಗಿಯ ಅಳತೆಗೆ ಕೆಳಗಿನ ಸಾಲು ಸಾಕು.