ಕಂಕನಾಡಿಯ ಗುರುಗಳೂ ನಮ್ಮ ತಾಲ್ಲೂಕುಗಳೂ

ಔಷಧವೇ ಇಲ್ಲದ ರೋಗದೆದುರು ವೈದ್ಯನಿಗೇನು ಕೆಲಸವೆಂದು ಕೇಳುವವರು, 1890ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ತೆರೆದ ಫಾದರ್ ಅಗಸ್ಟಸ್ ಮುಲ್ಲರ್ ಅವರ ಜೀವನವನ್ನು ಅವಲೋಕಿಸಬೇಕು. ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ 1841ರಲ್ಲಿ ಜನಿಸಿ, ಜೆಸ್ವಿಟ್ ಸಂಘವನ್ನು ಸೇರಿ, 1878ರ ಕೊನೆಯಲ್ಲಿ ಸಂಗಡಿಗರೊಡನೆ ಮಂಗಳೂರಿಗೆ ಬಂದ ಈ ಗುರುಗಳು, 1880ರಿಂದಲೇ ಬಡವರಿಗೆ ಹೋಮಿಯೋಪತಿ ಔಷಧವನ್ನು ಹಂಚತೊಡಗಿದರು. ದೂರದ ಊರುಗಳಿಗೆ ಅಂಚೆಯಲ್ಲಿ ಔಷಧ ಕಳುಹಿಸಿ, ಬಂದ ಹಣವನ್ನು ರೋಗಿಗಳ ಆರೈಕೆಗೆ ವಿನಿಯೋಗಿಸಿದರು. 1910ರಲ್ಲಿ ಅದೇ ಊರಿನಲ್ಲಿ ದೇಹವಿಟ್ಟರು.

ಅವರ ಗುಳಿಗೆಗಳ ಗುಣದ ವಿಷಯದಲ್ಲಿ ಇಂದಿನ ವಿಜ್ಞಾನಕ್ಕೆ ಸಂಶಯವಿದೆ. ಧರ್ಮಪ್ರಚಾರವೂ ಅವರ ಸಂಘದ ಉದ್ದೇಶವಾಗಿದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕುಷ್ಠದ ರೋಗಾಣುವನ್ನು ಕಂಡುಹಿಡಿದಿದ್ದರೂ ಅದಕ್ಕೆ ತಕ್ಕ ಮದ್ದು ದೊರೆತುದು 1940ರ ದಶಕದಲ್ಲಿ. ನಡುವಣ ಆ ದೀರ್ಘಕಾಲದಲ್ಲಿ, ಬಂಧುಗಳೇ ಹೊರದೂಡಿದವನ ಬೆರಳುದುರಿದ ಕೈಯನ್ನು ತೊಳೆದು, ಬಟ್ಟೆ ಸುತ್ತಿ, ಅನ್ನವಿಕ್ಕಿ, ಮಲಗಲು ಚಾಪೆ ಹಾಸಿಕೊಡುವುದರ ಹೊರತು ವೈದ್ಯನಿಂದ ಆಗುತ್ತಿದ್ದುದಾದರೂ ಏನು? ಅಷ್ಟನ್ನು ಮಾಡುವುದಕ್ಕೂ ರೋಗಿಯ ಸಮೀಪದಲ್ಲೇ ಬಾಳಬೇಕಾಗಿದ್ದಿತು. ಮುಲ್ಲರ್ ಅವರ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ.

ನಮ್ಮ ಧಾರವಾಡ ಸೀಮೆಗೂ ಇಂಥ ಪರಂಪರೆ ಹೊಸದಲ್ಲ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಜರ್ಮನ್ ಆಸ್ಪತ್ರೆಯೇ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಈಗ ಸ್ವಂತ ವೈದ್ಯಕೀಯ ಕಾಲೇಜೂ ಬಂದಿದೆ. ಸಂತೋಷ. ಆದರೆ ಸೋಮವಾರ, ಗುರುವಾರಗಳಂದು ಅದೇ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಹೊಕ್ಕು ನೋಡಿರಿ: ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಕಾಯಿಯ ತುಂಬು ಮುರಿಯುವ ಹೆಂಗಸರು, ಘಾಟಿನಲ್ಲಿ ಕಣ್ಣು ಕೆಂಪಾಗಿಸಿಕೊಂಡು ಚೀಲ ಹೊರುವ ಹಮಾಲರು, ಕೆಮ್ಮು ಬಂದರೆ ಕೂಲಿ ಬಿಟ್ಟು ವೈದ್ಯರಲ್ಲಿಗೆ ಹೋಗಲಾರರು, ಕತ್ತಲಾದ ಮೇಲೆ ತಮ್ಮ ಹಳ್ಳಿಗೆ ಮರಳಿದರೆ, ಎಷ್ಟೋ ಕಡೆ ವೈದ್ಯರು ರಾಣೆಬೆನ್ನೂರಿಗೋ ಹುಬ್ಬಳ್ಳಿಗೋ ಹೊರಟುಹೋಗಿರುತ್ತಾರೆ. ಔಷಧವಿಲ್ಲದ ಕಾಲದಲ್ಲಿ ವೈದ್ಯನಿದ್ದನು. ಔಷಧ ತುಂಬಿದ ಕಪಾಟಿನ ಮುಂದೆ ಈಗ ಬೀಗ ತೂಗುತ್ತಿದೆ.

ಇದಕ್ಕೆ ವೈದ್ಯರನ್ನಷ್ಟೇ ದೂಷಿಸುವುದು ಅನ್ಯಾಯ. ಹೆಂಡತಿ ಮಕ್ಕಳೊಡನೆ ಬಾಳಲು ಯೋಗ್ಯವಾದ ಮನೆಯಾಗಲಿ, ಮಕ್ಕಳಿಗೆ ಒಳ್ಳೆಯ ಶಾಲೆಯಾಗಲಿ ಇಲ್ಲದೆಡೆಯಲ್ಲಿ, ಸಂನ್ಯಾಸವ್ರತದ ಗುರುವೊಬ್ಬರ ತ್ಯಾಗವನ್ನು ಗೃಹಸ್ಥನಿಂದ ಅಪೇಕ್ಷಿಸಲಾಗದು. ಆದುದರಿಂದ ಸರಕಾರವು ಆರೋಗ್ಯ ಕೇಂದ್ರದ ಆವರಣದಲ್ಲಿ ಮೊದಲು ಮನೆಯನ್ನು ಕಟ್ಟಿಸಲಿ, ಕಟ್ಟಿಸಿದ ಮೇಲೆ ಅಲ್ಲಿಯೇ ವಾಸಿಸಬೇಕೆಂಬುದನ್ನು ನೇಮಕದ ಕರಾರನ್ನಾಗಿಸಲು ಹಿಂಜರಿಯದಿರಲಿ. ಹಾವೇರಿಯ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಅಧ್ಯಾಪಕರೊಡನೆ ಪೇಟೆಯ ಆ ಎರಡು ದಿನಗಳಲ್ಲಿ ಬ್ಯಾಡಗಿಯ ಪ್ರಾಂಗಣದಲ್ಲೇ ಕೂರಿಸಿ, ಕೂಲಿಕಾರರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡುವ ಏರ್ಪಾಡನ್ನು ಬರುವ ಸುಗ್ಗಿಯಿಂದಲೇ ಮಾಡಲಿ.